ಸತ್ಯಾಂಶ: ಸರ್ಕಾರದ ನೆರವು ಪಡೆಯುವವರೆಲ್ಲ ಒಂದೇ ಪಕ್ಷದವರಾ?

‘ಅಮೆರಿಕದಲ್ಲಿ ಬಿಟ್ಟಿ ಹಣ ತಿನ್ನುವವರೆಲ್ಲ ಡೆಮಾಕ್ರಟಿಕ್ ಪಕ್ಷದವರು, ತೆರಿಗೆ ಕಟ್ಟುವವರೆಲ್ಲ ರಿಪಬ್ಲಿಕನ್ನರು.’ ಈ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದು ತಪ್ಪು.

ಮಾತು ಹೊಸದೇನಲ್ಲ. 2012ರಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಮಿಟ್ ರಾಮ್ನಿ ಇದನ್ನೇ ಹೇಳಿದ್ದರು: 47 ಶೇಕಡಾ ಜನ ಆದಾಯ ತೆರಿಗೆ ಕಟ್ಟಲ್ಲ, ಅವರು ಏನೇ ಆದರೂ ಡೆಮಾಕ್ರಟಿಕ್ ಪಕ್ಷದ ಒಬಾಮಾಗೇ ವೋಟು ಹಾಕುತ್ತಾರೆ ಅಂತ. ಆದರೆ ಆ ಲೆಕ್ಕದಲ್ಲಿ ಪಿಂಚಣಿಯಲ್ಲಿ ಬದುಕುವ ಮುದುಕರೂ ಇದ್ದರು. ಆ ಚುನಾವಣೆಯಲ್ಲಿ 65 ದಾಟಿದವರು ಜಾಸ್ತಿ ಒಲಿದದ್ದು ರಾಮ್ನಿಗೇ! ಇನ್ನು ಕೆಲಸದಲ್ಲಿದ್ದ ಅನೇಕರ ಸಂಬಳದಿಂದ ಪೇರೋಲ್ ತೆರಿಗೆ (ಪಿಂಚಣಿ, ವೃದ್ಧರ ಆರೋಗ್ಯ ವಿಮೆಗಾಗಿ ಸಂಬಳದಲ್ಲೇ ಹಿಡಿಯುವ ತೆರಿಗೆ) ಕಡಿತ ಆಗುತ್ತಲೇ ಇತ್ತು. ತಮಾಷೆ ಅಂದ್ರೆ, ಕೊನೆಗೆ ರಾಮ್ನಿಗೆ ಬಿದ್ದ ಮತವೂ ಸುಮಾರು 47 ಶೇಕಡಾ.

ಕೆಂಟಕಿ ರಾಜ್ಯದ ಪೂರ್ವ ಭಾಗದಲ್ಲಿ, ಬೆಟ್ಟಗಳ ನಡುವೆ ಔಸ್ಲಿ ಅನ್ನೋ ಪುಟ್ಟ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಇದೆ. ದೇಶದ ಕಡುಬಡ ಕೌಂಟಿಗಳಲ್ಲಿ ಒಂದು. ಹಿಂದೆ ತಂಬಾಕು ಬೆಳೆದು ಬದುಕುತ್ತಿದ್ದರು, ಈಗ ಫುಡ್ ಸ್ಟಾಂಪ್ (ಆಹಾರ ಕೊಳ್ಳಲು ಸರ್ಕಾರದ ನೆರವು), ಮೆಡಿಕೇಡ್ (ಬಡವರಿಗೆ ಸರ್ಕಾರಿ ಆರೋಗ್ಯ ವಿಮೆ) ಇಲ್ಲದೆ ಎಷ್ಟೋ ಮನೆ ನಡೆಯಲ್ಲ. ಅಲ್ಲಿ 2016ರಲ್ಲೂ 2020ರಲ್ಲೂ ರಿಪಬ್ಲಿಕನ್ ಪಕ್ಷದ ಟ್ರಂಪ್‌ಗೆ ಬಿದ್ದದ್ದು 80 ಶೇಕಡಾಕ್ಕೂ ಜಾಸ್ತಿ ಮತ.

ಹಾಗಂತ ಫಾರ್ವರ್ಡ್ ಸುಮ್ನೆ ಹುಟ್ಟಿದ್ದಲ್ಲ. 2012ರ ಎಕ್ಸಿಟ್ ಪೋಲ್‌ನಲ್ಲಿ ಕಡಿಮೆ ಆದಾಯದವರು ಒಬಾಮಾ ಕಡೆ ಹೆಚ್ಚು ವಾಲಿದ್ದರು, ನಿಜ. ಆದರೆ ‘ಹೆಚ್ಚು’ ಬೇರೆ, ‘ಎಲ್ಲರೂ’ ಬೇರೆ, ಅಲ್ವಾ? ಆ ವಾಲಿಕೆಯೂ ಗಟ್ಟಿಯಾಗಿ ನಿಂತಿಲ್ಲ: 2024ರಲ್ಲಿ ವರ್ಷಕ್ಕೆ 1 ಲಕ್ಷ ಡಾಲರ್ ದಾಟಿದ ಮನೆಗಳವರಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ಕಮಲಾ ಹ್ಯಾರಿಸ್ ಸ್ವಲ್ಪ ಮುಂದಿದ್ದರು. ಇನ್ನೊಂದು ವಿಷಯ, ಬಡವರಲ್ಲಿ ತುಂಬಾ ಜನ ಮತಗಟ್ಟೆ ಕಡೆಗೇ ಹೋಗಲ್ಲ, ಅಂದ್ರೆ ಅವರ ಮತ ಯಾವ ಪಕ್ಷಕ್ಕೂ ಬೀಳಲ್ಲ.