ಅಡುಗೆಮನೆ ಕಟ್ಟೆಯ ಸಂದು

ಬೆಂಗಳೂರಲ್ಲಿ ಅಡುಗೆಮನೆ ಕಟ್ಟೆ ಅಂದರೆ ಕರಿ ಗ್ರಾನೈಟ್ ಚಪ್ಪಡಿ. ಬೇರೆ ಮಾತೇ ಇಲ್ಲ. ನಾನು ಕಟ್ಟೆಗೆ ಕಲ್ಲಿನ ಟೈಲ್ಸ್ ಹಾಕಿಸ್ತೀನಿ ಅಂದಾಗ ಅಮ್ಮ, "ಬಚ್ಚಲಿಗೆ ಹಾಕೋದನ್ನ ಒಲೆ ಪಕ್ಕ ಹಾಕ್ತೀಯೇನೇ?" ಅಂದರು. ಹಾಕಿಸಿದ್ದೂ ಆಯಿತು, ಆರು ತಿಂಗಳಲ್ಲಿ ಕಿತ್ತಿದ್ದೂ ಆಯಿತು, ಆಮೇಲೆ ನಾನೇ ಕೂತು ಹಾಕಿದ್ದೂ ಆಯಿತು. ಅದಕ್ಕೇ ಈ ಬರಹ.

ನಮ್ಮದು ಹನುಮಂತನಗರದಲ್ಲಿ 20×30 ಸೈಟಿನ ಮನೆಯ ಮೂರನೇ ಮಹಡಿ. ಏಳೂವರೆ ಅಡಿ ಉದ್ದ, ಎರಡು ಅಡಿ ಅಗಲದ ಹಳೇ ಕಡಪ ಕಲ್ಲಿನ ಕಟ್ಟೆ. ಇಪ್ಪತ್ತು ವರ್ಷ ಹುಣಸೆಹುಳಿ ಕುಡಿದು ಬೂದಿ ಬಣ್ಣಕ್ಕೆ ತಿರುಗಿತ್ತು. ಅಷ್ಟು ಉದ್ದಗಲದ ಗ್ರಾನೈಟ್, 18 ಮಿಲಿಮೀಟರ್ ದಪ್ಪದ್ದು, ಹೆಚ್ಚುಕಮ್ಮಿ 70 ಕೆಜಿ ತೂಗುತ್ತದೆ. ತೂಕ ಹೊರುವವರು ಸಿಗುತ್ತಾರೆ. ಆದರೆ ನಮ್ಮ ಮೆಟ್ಟಿಲಿನ ತಿರುವಿನಲ್ಲಿ ಬೀರುವೇ ತಿರುಗಲಿಲ್ಲ, ಹಗ್ಗ ಕಟ್ಟಿ ಬಾಲ್ಕನಿಯಿಂದ ಎಳೆದುಕೊಂಡಿದ್ದೆವು. ಕಲ್ಲನ್ನು ಹಾಗೆ ಎಳೆಯುವ ಧೈರ್ಯ ಯಾರಿಗೂ ಬರಲಿಲ್ಲ, ಕೆಳಗೆ ಕರೆಂಟ್ ತಂತಿ ಬೇರೆ. ಅಂಗಡಿಯವರು "ಎರಡು ತುಂಡು ಮಾಡಿ ತರ್ತೀವಿ ಮೇಡಂ" ಅಂದರು. ಹೇಗೂ ಸಂದು ಬರುವುದಾದರೆ ಟೈಲ್ಸೇ ಆಗಲಿ, ಹಳೇ ಕಟ್ಟೆ ಒಡೆಯುವ ರಾಮಾಯಣವೂ ತಪ್ಪುತ್ತದೆ ಅನ್ನಿಸಿತು. ಲಾಲ್‌ಬಾಗಿನ ಬಂಡೆಗೆ 300 ಕೋಟಿ ವರ್ಷ ಅಂತಾರೆ. ಊರಿಗೆ ಊರೇ ಕಲ್ಲಿನ ಮೇಲೆ ಕೂತಿದೆ, ನನ್ನ ಮನೆಗೆ ಒಂದು ಚಪ್ಪಡಿ ಹತ್ತಲಿಲ್ಲ ನೋಡಿ.

ಕಲ್ಲು ಆರಿಸಲು ಜಿಗಣಿ ಕಡೆ ಹೋಗಿದ್ದೆ. ಬ್ಯಾಗಿನಲ್ಲಿ ಒಂದು ನಿಂಬೆಹಣ್ಣು, ಒಂದು ನೇಲ್ ಪಾಲಿಶ್ ರಿಮೂವರ್ ಬಾಟಲಿ. ಸ್ಯಾಂಪಲ್ ತುಂಡುಗಳ ಮೇಲೆ ರಸ ಹಿಂಡಿ ಅರ್ಧ ಗಂಟೆ ಬಿಟ್ಟೆ. ಮಾರ್ಬಲ್ ತುಂಡಿನ ಹೊಳಪು ಹೋಗಿ ಮಂಕು ಕಲೆ ಉಳಿಯಿತು. ಮಾರ್ಬಲ್ಲೂ ಕಡಪವೂ ಸುಣ್ಣದ ಜಾತಿಯ ಕಲ್ಲುಗಳು, ಹುಳಿ ಕಂಡರೆ ಆಗುವುದಿಲ್ಲ. ಮೇಲೆ ಸೀಲರ್, ಅಂದರೆ ಕಲ್ಲಿನ ಸಣ್ಣ ರಂಧ್ರ ಮುಚ್ಚುವ ದ್ರವ, ಬಳಿದರೆ ಎಣ್ಣೆ, ಅರಿಶಿನ ಇಳಿಯುವುದು ತಡವಾಗುತ್ತದೆ, ಹುಳಿಯ ಕಲೆ ಮಾತ್ರ ತಪ್ಪುವುದಿಲ್ಲ. ಹುಣಸೆ, ನಿಂಬೆ, ಟೊಮೆಟೊ ಇಲ್ಲದ ದಿನ ನಮ್ಮ ಮನೆಯಲ್ಲಿ ಯಾವತ್ತಿದೆ ಹೇಳಿ? ಬಿಳಿ ಮಾರ್ಬಲ್ ಕಟ್ಟೆ ಫೋಟೋದಲ್ಲೇ ಚೆನ್ನ. ಇನ್ನು ರಿಮೂವರ್ ಯಾಕೆ ಅಂದರೆ, ಕರಿ ಕಲ್ಲಿಗೆ ಬಣ್ಣ ಕುಡಿಸಿ ಮಾರುವುದುಂಟು. ಬಿಳಿ ಬಟ್ಟೆಗೆ ಹಚ್ಚಿ ಉಜ್ಜಿದೆ, ಒಂದು ಕಲ್ಲಿನಿಂದ ಕಾಡಿಗೆಯಂತೆ ಬಣ್ಣ ಬಂತು. ಅದನ್ನು ಬಿಟ್ಟು ಇನ್ನೊಂದು ಕಲ್ಲಿನ ಒಂದಡಿ ಚೌಕದ, 10 ಮಿಲಿಮೀಟರ್ ದಪ್ಪದ ಟೈಲ್ಸ್ ತಂದೆ.

ಇಷ್ಟೆಲ್ಲ ಜಾಣತನ ಕಲ್ಲಿನ ಮೇಲೆ ಖರ್ಚಾಯಿತು. ಹಾಕುವ ಕೆಲಸವನ್ನು ಮೇಸ್ತ್ರಿಗೆ ಬಿಟ್ಟು ಆಫೀಸಿಗೆ ಹೋದೆ.

ಸಂಜೆ ಬಂದಾಗ ಕಟ್ಟೆ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಎರಡು ತಿಂಗಳಾದ ಮೇಲೆ ಅಮ್ಮ ಎಂದಿನಂತೆ ಕಟ್ಟೆ ಅಂಚಿಗೆ ತೆಂಗಿನಕಾಯಿ ಕುಟ್ಟಿದರು. ಕಾಯಿಗಿಂತ ಮೊದಲು ಟೈಲ್ ಒಡೆಯಿತು. ಎತ್ತಿ ನೋಡಿದರೆ ಕೆಳಗೆ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು, ಸಿಮೆಂಟಿನ ಉಂಡೆ. ಮಿಕ್ಕಿದ್ದೆಲ್ಲ ಗಾಳಿ. ಬೆರಳ ಗೆಣ್ಣಿನಿಂದ ಬೇರೆ ಟೈಲ್‌ಗಳನ್ನು ತಟ್ಟಿದೆ. ಅರ್ಧದಷ್ಟು ಟೊಳ್ಳು ಸದ್ದು. ಸಂದಿಗೆ ತುಂಬಿದ್ದ ಬಿಳಿ ಸಿಮೆಂಟ್ ಅಷ್ಟರಲ್ಲೇ ಒಗ್ಗರಣೆ ಡಬ್ಬಿಯ ಬಣ್ಣಕ್ಕೆ ಬಂದಿತ್ತು. ದೋಸೆಹಿಟ್ಟು ಚೆಲ್ಲಿದರೆ ಬಟ್ಟೆಯಲ್ಲಿ ಒರೆಸಿದರೆ ಸಾಲದು, ಹಲ್ಲುಜ್ಜುವ ಬ್ರಷ್ಷೇ ಬೇಕು. ಅಮ್ಮ ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿ ಇತ್ತು.

ಎರಡನೇ ಸಲ ನಾನು ಮತ್ತು ನನ್ನ ತಮ್ಮ, ಒಂದು ಶನಿವಾರ ಭಾನುವಾರ. ಟೊಳ್ಳಿದ್ದ ಟೈಲ್‌ಗಳು ಉಳಿ ಇಟ್ಟರೆ ಸಾಕು, ಎದ್ದು ಬಂದವು. ಕಡಪ ಕಲ್ಲಿನ ಮೇಲಿನ ಜಿಡ್ಡು ತಿಕ್ಕಿ ತೊಳೆದು, ಉಳಿಯಿಂದ ಅಲ್ಲಲ್ಲಿ ಕೊಚ್ಚಿ ಒರಟು ಮಾಡಿದೆವು. ನುಣುಪಿನ ಮೇಲೆ ಏನೂ ಹಿಡಿಯುವುದಿಲ್ಲ. ಸಿಮೆಂಟ್ ಬದಲು ಟೈಲ್ಸ್ ಅಂಟು. ಹಲ್ಲುಹಲ್ಲಿನ ಕರಣೆಯಲ್ಲಿ ಅದನ್ನು ಒಂದೇ ದಿಕ್ಕಿಗೆ ಗೀರಿ, ಟೈಲಿನ ಬೆನ್ನಿಗೂ ತೆಳ್ಳಗೆ ಬಳಿದು ಒತ್ತಿದೆವು. ಮೊದಲ ಟೈಲನ್ನು ಮತ್ತೆ ಎತ್ತಿ ನೋಡಿದೆ, ಬೆನ್ನು ತುಂಬ ಅಂಟು ಹಿಡಿದಿತ್ತು. ಆಮೇಲೆ ಧೈರ್ಯ ಬಂತು. ಇಡೀ ಟೈಲ್‌ಗಳು ಮುಂದಿನ ಅಂಚಿಗೆ, ಕತ್ತರಿಸಿದವು ಗೋಡೆ ಕಡೆಗೆ. ಸಂದು 2 ಮಿಲಿಮೀಟರ್. ರಸಮಟ್ಟ ಇಟ್ಟು ಸಿಂಕಿನ ಕಡೆಗೆ ಒಂದು ಕೂದಲಷ್ಟು ಇಳಿಜಾರು. ಕತ್ತರಿಸುವುದನ್ನು ತಾರಸಿಯಲ್ಲಿ, ನೀರು ಬಿಡುತ್ತಾ, ಮಾಸ್ಕ್ ಹಾಕಿಕೊಂಡು ಮಾಡಿ. ಆ ಕಲ್ಲಿನ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಕಟ್ಟೆ ಅರ್ಧ ಇಂಚು ಎತ್ತರವಾಯಿತು. ನನ್ನ ಬೆನ್ನಿಗೆ ಹಾಯ್ ಅನ್ನಿಸಿತು, ಕುಳ್ಳಗಿರುವ ಅಮ್ಮನಿಗೆ ಕಿರಿಕಿರಿ.

ಮಾರನೇ ದಿನ ಸಂದು ತುಂಬುವ ಕೆಲಸ. ಈ ಸಲ ಎಪಾಕ್ಸಿ ಗ್ರೌಟ್, ಅಂದರೆ ಸಂದಿಗೆ ತುಂಬುವ ರಾಳದ ಮಿಶ್ರಣ. ಬಿಳಿ ಸಿಮೆಂಟಿಗಿಂತ ಎಷ್ಟೋ ಪಟ್ಟು ದುಬಾರಿ, ಆದರೆ ಎಣ್ಣೆ, ಅರಿಶಿನದ ನೀರು ಒಳಗೆ ಇಳಿಯುವುದಿಲ್ಲ. ಎರಡು ಭಾಗ ಬೆರೆಸಿದ ಮೇಲೆ ಅರ್ಧ ಮುಕ್ಕಾಲು ಗಂಟೆಯಲ್ಲಿ ಗಟ್ಟಿಯಾಗುತ್ತದೆ, ಹಾಗಾಗಿ ಸ್ವಲ್ಪ ಸ್ವಲ್ಪವೇ ಕಲಸಬೇಕು. ಟೈಲ್ ಮೇಲೆ ಉಳಿದ ಜಿಗುಟನ್ನು ಆಗಲೇ ಒರೆಸಬೇಕು. ತಮ್ಮ ನಡುವೆ ಫೋನ್ ಬಂತು ಅಂತ ಎದ್ದು ಹೋದ. ಒಲೆಯ ಎಡಕ್ಕೆ ಅವನ ಫೋನ್ ಕಾಲ್ ಇವತ್ತಿಗೂ ಮಬ್ಬಾಗಿ ಕಾಣುತ್ತದೆ.

ಈಗ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟು. ಚಪ್ಪಡಿ ಮೆಟ್ಟಿಲು ಹತ್ತುವುದಾದರೆ ಸುಮ್ನೆ ಚಪ್ಪಡಿಯನ್ನೇ ಹಾಕಿಸಿ. ಚಪಾತಿ ಲಟ್ಟಿಸುವ ಜಾಗದಲ್ಲಿ ಸಂದು ಇಲ್ಲದಿರುವುದು ದೊಡ್ಡ ಸುಖ. ಹತ್ತದಿದ್ದರೆ ಟೈಲ್ಸ್ ಹಾಕಿ, ಹೆದರಬೇಡಿ. ಆದರೆ ಕಲ್ಲಿನಲ್ಲಿ ಒಂದು ದರ್ಜೆ ಇಳಿದರೂ ಪರವಾಗಿಲ್ಲ, ಅಂಟು, ಗ್ರೌಟಿನಲ್ಲಿ ಇಳಿಯಬೇಡಿ. ನಾವೆಲ್ಲ ಉಲ್ಟಾ ಮಾಡುತ್ತೇವೆ. ಕಲ್ಲಿಗಾಗಿ ನಾಲ್ಕು ಭಾನುವಾರ ಸುತ್ತುತ್ತೇವೆ, ಅದರ ಕೆಳಗೆ ಏನು ಹೋಗುತ್ತದೆ ಅಂತ ನಿಂತು ನೋಡಲು ನಾಲ್ಕು ಗಂಟೆ ರಜೆ ಹಾಕುವುದಿಲ್ಲ. ನಾನೂ ಹಾಕಲಿಲ್ಲ, ಆ ಮೇಸ್ತ್ರಿಯೊಬ್ಬರನ್ನೇ ಬೈದು ಏನು ಪ್ರಯೋಜನ?

ಒಂದು ಟೈಲ್ ಉಳಿದಿದೆ. ಎಪಾಕ್ಸಿಗೆ ಜಾಸ್ತಿ ಬಿಸಿ ಆಗದು, ಅದಕ್ಕೆ ಕುಕ್ಕರನ್ನು ಆ ಬಿಡಿ ಟೈಲಿನ ಮೇಲೆ ಇಳಿಸುತ್ತೇವೆ. ಅಮ್ಮ ತೆಂಗಿನಕಾಯಿಯನ್ನು ಮೆಟ್ಟಿಲಿಗೆ ಒಯ್ದು ಒಡೆಯುತ್ತಾರೆ. ವಾಪಸ್ ಬಂದು, ನಾನು ನೋಡುತ್ತಿಲ್ಲ ಅಂದುಕೊಂಡು, ಕಟ್ಟೆಯನ್ನು ಒಂದು ಸಲ ಗೆಣ್ಣಿನಿಂದ ತಟ್ಟುತ್ತಾರೆ.