ಮನೆ ಕೊಳ್ಳುವವರ ಕಡೆಯವರು ಯಾರು?

ಒಂದು ಮನೆ ವ್ಯಾಪಾರಕ್ಕೆ ಎಷ್ಟು ಜನ ಸೇರುತ್ತಾರೆ ಲೆಕ್ಕ ಹಾಕಿ ನೋಡಿ. ಮಾರುವವರ ಕಡೆಗೆ ಬ್ರೋಕರ್ ಇರುತ್ತಾರೆ. ಸಾಲ ಕೊಡುವ ಬ್ಯಾಂಕಿಗೆ ಅದರದೇ ಪ್ಯಾನೆಲ್ ಲಾಯರ್, ಅದರದೇ ವ್ಯಾಲ್ಯುಯರ್. ಹೊಸ ಅಪಾರ್ಟ್‌ಮೆಂಟ್ ಆದರೆ ಬಿಲ್ಡರ್ ಹತ್ತಿರ ಮಾರಾಟಕ್ಕೆಂದೇ ಒಂದು ತಂಡ. ಇಷ್ಟೂ ಜನರ ಖರ್ಚು ಕೊನೆಗೆ ಬೀಳುವುದು ಕೊಳ್ಳುವವರ ತಲೆ ಮೇಲೆ. ಬ್ಯಾಂಕಿನ ಲಾಯರ್ ಫೀಸು ಕೂಡ ನಮ್ಮ ಅಕೌಂಟಿಂದಲೇ ಕಟ್ ಆಗುತ್ತದೆ. ಆದರೆ ಕೊಳ್ಳುವವರ ಕಡೆಗೆ ಅಂತ ಒಬ್ಬರೂ ಇರುವುದಿಲ್ಲ. ಜೀವಮಾನದ ಉಳಿತಾಯ ಸುರಿಯುವವರು ಒಬ್ಬರೇ ಕೂತು, ಎದುರು ಕೂತ ಅಷ್ಟೂ ಜನರ ಮಾತು ನಂಬಿ ಸಹಿ ಹಾಕುತ್ತಾರೆ.

ಮೈಸೂರಿನ ಬ್ಯಾಂಕೊಂದರಲ್ಲಿ ಗೃಹಸಾಲದ ಫೈಲುಗಳನ್ನು ವರ್ಷಗಟ್ಟಲೆ ನೋಡಿದವಳು ನಾನು. ಈಗ ನಿವೃತ್ತಿಯಾಗಿದೆ, ಆದರೂ ಬಂಧು ಬಳಗದಲ್ಲಿ ಯಾರು ಮನೆ ನೋಡಿದರೂ ಫೋನು ಬರುವುದು ನನಗೇ. ಎಲ್ಲರಿಗೂ ಹೇಳುವುದು ಒಂದೇ ಮಾತು: ನಿಮ್ಮದೇ ಒಬ್ಬ ಏಜೆಂಟ್ ಇಟ್ಟುಕೊಳ್ಳಿ. ಮನೆ ತೋರಿಸುವ ಬ್ರೋಕರ್ ಬೇರೆ, ನಿಮ್ಮ ಏಜೆಂಟ್ ಬೇರೆ.

"ಬ್ಯಾಂಕ್ ಲೋನ್ ಕೊಡ್ತಿದೆ ಅಂದ್ಮೇಲೆ ಪೇಪರ್ ಕ್ಲಿಯರ್ ಇದೆ ಅಂತ ತಾನೇ ಆಂಟಿ?" ಈ ಪ್ರಶ್ನೆ ನನಗೆ ಬಾಯಿಪಾಠ ಆಗಿದೆ. ಬ್ಯಾಂಕಿನ ಲಾಯರ್ ಅಭಿಪ್ರಾಯ ಬರೆಯುವುದು ಬ್ಯಾಂಕಿಗೆ, ನಿಮಗಲ್ಲ. ಸಾಲ 75 ಲಕ್ಷ ದಾಟಿದರೆ ಬ್ಯಾಂಕು ಮನೆ ಬೆಲೆಯಲ್ಲಿ ಶೇ 75ಕ್ಕಿಂತ ಹೆಚ್ಚು ಕೊಡುವಂತಿಲ್ಲ, ರಿಸರ್ವ್ ಬ್ಯಾಂಕಿನ ನಿಯಮ ಅದು. ಅಂದರೆ ನೀವು ಹತ್ತು ಲಕ್ಷ ಜಾಸ್ತಿ ಕೊಟ್ಟು ಕೊಂಡರೂ ಬ್ಯಾಂಕಿನ ದುಡ್ಡು ಸೇಫ್. ಆ ಹತ್ತು ಲಕ್ಷ ಹೋಗುವುದು ನಿಮ್ಮ ಪಾಲಿನದು. ವ್ಯಾಲ್ಯುಯರ್ ಬಂದು ಫೋಟೊ ತೆಗೆದುಕೊಂಡು ಹೋಗುತ್ತಾರೆ. ನೆಲದಡಿಯ ಸಂಪ್‌ಗೆ ನೀರು ವಾರಕ್ಕೆ ಎಷ್ಟು ದಿನ ಬರುತ್ತದೆ ಅಂತ ಕೇಳುವುದು ಅವರ ಕೆಲಸವಲ್ಲ.

ಇನ್ನು ಬ್ರೋಕರ್ ವಿಷಯ. ಬ್ರೋಕರುಗಳೆಲ್ಲ ಮೋಸಗಾರರು ಅನ್ನುವವಳಲ್ಲ ನಾನು. ಬಿಸಿಲಲ್ಲಿ ಸ್ಕೂಟರ್ ಮೇಲೆ ತಿರುಗಿ ದುಡಿಯುವ ಮಂದಿ ಅವರು. ತೊಂದರೆ ಇರುವುದು ದುಡ್ಡು ಹುಟ್ಟುವ ರೀತಿಯಲ್ಲಿ. ನಮ್ಮೂರಲ್ಲಿ ಸಾಮಾನ್ಯವಾಗಿ ಶೇ 1ರಿಂದ 2ರಷ್ಟು ಕಮಿಷನ್, ಅದೂ ಎರಡೂ ಕಡೆಯಿಂದ. ವ್ಯಾಪಾರ ಮುರಿದರೆ ಪೆಟ್ರೋಲ್ ಖರ್ಚೂ ಹುಟ್ಟುವುದಿಲ್ಲ. ಇನ್ನು ಕೆಲವು ಕಡೆ ಓನರ್ "ನನಗೆ ನೆಟ್ ಇಷ್ಟು ಕೊಡಿ, ಮೇಲೆ ಬಂದದ್ದು ನಿಮ್ಮದು" ಅಂದುಬಿಟ್ಟಿರುತ್ತಾರೆ. ಹಾಗಿರುವಾಗ "ಈ ಮನೆ ನಿಮಗೆ ಬೇಡ" ಅನ್ನುವ ಮಾತು ಅವರ ಬಾಯಲ್ಲಿ ಹೇಗೆ ಬರಬೇಕು? ಕೊಳ್ಳುವವರಿಗೆ ಅತ್ಯಂತ ಹೆಚ್ಚು ಬೇಕಾದದ್ದು ಅದೇ ಮಾತು. ಅದನ್ನು ಹೇಳಿದ್ದಕ್ಕೂ ಸಂಬಳ ಸಿಗುವ ಮನುಷ್ಯ ಬೇಕು.

ನನ್ನ ತಂಗಿ ಮಗ ಬೆಂಗಳೂರಲ್ಲಿ ಕೆಲಸದಲ್ಲಿದ್ದಾನೆ. ಎಕ್ಸ್‌ಪ್ರೆಸ್‌ವೇ ಆದಮೇಲೆ ಮೈಸೂರಲ್ಲೇ ಮನೆ ಮಾಡೋಣ ಅನ್ನುವವರ ಸಾಲಿಗೆ ಅವನೂ ಸೇರಿದ. ದಟ್ಟಗಳ್ಳಿಯಲ್ಲಿ ಒಂದು ಮನೆ ಇಷ್ಟವಾಯಿತು. 30x40, ಪೂರ್ವ ಬಾಗಿಲು, ಮೇಲೊಂದು ಬಾಡಿಗೆ ಪೋರ್ಷನ್, ಎದುರಿಗೇ ಪಾರ್ಕು. ನನ್ನ ಒತ್ತಾಯಕ್ಕೆ, ತನ್ನ ಕಡೆಗೆ ಅಂತ ಒಬ್ಬ ಏಜೆಂಟನ್ನು ಗೊತ್ತು ಮಾಡಿಕೊಂಡಿದ್ದ. ಮಂಡ್ಯ ಕಡೆಯವರು, ಮಾತು ಕಡಿಮೆ, ಅದೇ ಏರಿಯಾದಲ್ಲಿ ವರ್ಷಗಳಿಂದ ಓಡಾಡಿದವರು. ಆ ಮನೆ ಅವರ ಲಿಸ್ಟಿನಲ್ಲಿ ಇರಲಿಲ್ಲ, ಓನರಿಂದ ಒಂದು ರೂಪಾಯಿಯೂ ಮುಟ್ಟುವುದಿಲ್ಲ ಅಂತ ಮೊದಲೇ ಮಾತಾಗಿತ್ತು.

ಹಾಲ್‌ನಲ್ಲಿ ಎಲ್ಲ ಕೂತಿದ್ದೆವು. ಮಾರುವವರ ಬ್ರೋಕರ್ ಫೈಲು ಬಿಚ್ಚಿ, "ಖಾತೆ ಇವರ ಹೆಸರಲ್ಲೇ ಇದೆ ಸಾರ್, ಕಂದಾಯ ಅಪ್‌ಟುಡೇಟ್, ಇಸಿ (ಋಣಭಾರ ಪತ್ರ) ನಿಲ್. ಇವತ್ತು ಟೋಕನ್ ಹಾಕಿದ್ರೆ ಸರಿ, ನಾಳೆ ಇನ್ನೊಂದು ಪಾರ್ಟಿ ಬರ್ತಾರೆ" ಅಂದರು. ನಮ್ಮ ಏಜೆಂಟ್ ಫೈಲು ಮುಟ್ಟಲಿಲ್ಲ. ಗೋಡೆ ಮೇಲೆ ಹಾರ ಹಾಕಿದ್ದ ಹಿರಿಯರ ಫೋಟೊ ನೋಡಿ, "ಇವ್ರೇನಾ ಮನೆ ಕಟ್ಸಿದ್ದು?" ಅಂದರು. ಹೌದು ಅಂದರು ಮನೆ ಮಾರುತ್ತಿದ್ದ ಅವರ ಮಗ. "ವಿಲ್ ಏನಾರ ಬರ್ದಿದ್ರಾ?" ಇಲ್ಲ ಅಂತ ಬಂತು ಉತ್ತರ. "ಹೆಣ್ಮಕ್ಳು ಎಷ್ಟು ಜನ?" ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಒಬ್ಬ ಅಕ್ಕ ಇದ್ದಾರೆ, ಮಾತುಕತೆ ಇಲ್ಲ, ಅವರಿಗೆ ಮದುವೆಯಲ್ಲೇ ಎಲ್ಲ ಕೊಟ್ಟಾಗಿದೆ ಅಂದರು.

ಇದು ಸಣ್ಣ ವಿಷಯ ಅಲ್ಲ. ತಂದೆಯ ಸ್ವಯಾರ್ಜಿತ ಆಸ್ತಿ, ವಿಲ್ ಇಲ್ಲ ಅಂದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಮದುವೆಯಲ್ಲಿ ಎಷ್ಟು ಚಿನ್ನ ಹಾಕಿದರು ಅನ್ನುವುದು ಅಲ್ಲಿ ಲೆಕ್ಕಕ್ಕಿಲ್ಲ. ಖಾತೆ ಇರುವುದು ಕಂದಾಯ ಕಟ್ಟಲಿಕ್ಕೆ, ಖಾತೆ ಇದ್ದ ಮಾತ್ರಕ್ಕೆ ಮಾಲೀಕತ್ವ ಬರುವುದಿಲ್ಲ. ಇಸಿಯಲ್ಲಿ ಕಾಣುವುದು ರಿಜಿಸ್ಟರ್ ಆದ ವ್ಯವಹಾರ ಮಾತ್ರ. ಮಾತು ಬಿಟ್ಟ ಅಕ್ಕ ಯಾವ ಇಸಿಯಲ್ಲೂ ಕಾಣುವುದಿಲ್ಲ. ಆಕೆಯ ಸಹಿ ಇಲ್ಲದೆ, ಹಕ್ಕು ಬಿಟ್ಟುಕೊಟ್ಟೆ ಅನ್ನುವ ಖುಲಾಸೆ ಪತ್ರವೂ ಇಲ್ಲದೆ ಕೊಂಡರೆ, ನಾಳೆ ಆಕೆ ಪಾಲು ಕೇಳಿ ಕೋರ್ಟಿಗೆ ಹೋದಾಗ ನೋಟಿಸು ಬರುವುದು ಕೊಂಡವರಿಗೂ.

ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುತ್ತಾ ನಮ್ಮ ಏಜೆಂಟ್ ಹೇಳಿದ್ದು ಇಷ್ಟೇ: "ಅಕ್ಕಾ, ಆ ಹೆಣ್ಮಗಳು ಬಂದು ಸೈನ್ ಹಾಕೋಗಂಟ ಒಂದ್ರುಪಾಯಿ ಕೊಡ್ಬ್ಯಾಡಿ. ಹಾಕಲ್ಲ ಅಂದ್ರೆ ಈ ಮನೆ ಬ್ಯಾಡ ಬುಡಿ."

ಲಾಯರ್ ಇದ್ದರೆ ಸಾಕಲ್ಲ, ಅವರೂ ಇದನ್ನು ಹಿಡಿಯುತ್ತಿದ್ದರು ಅನ್ನಬಹುದು. ಖಂಡಿತ ಹಿಡಿಯುತ್ತಿದ್ದರು, ಲಾಯರ್ ಬೇಕೇ ಬೇಕು. ಆದರೆ ಸಾಮಾನ್ಯವಾಗಿ ಲಾಯರ್ ಕೈಗೆ ಫೈಲು ಹೋಗುವುದು ಟೋಕನ್ ಕೊಟ್ಟ ಮೇಲೆ. ಆಮೇಲೆ ಆ ದುಡ್ಡು ವಾಪಸ್ ತರುವುದೇ ಒಂದು ಕಥೆ. ಅಲ್ಲದೆ ಲಾಯರ್ ನೋಡುವುದು ಕಾಗದ, ಜಾಗ ನೋಡಲು ಬರುವುದಿಲ್ಲ. ಪತ್ರದಲ್ಲಿ 40 ಅಡಿ ಇರುವ ಸೈಟು ನೆಲದ ಮೇಲೆ 40 ಇದೆಯೇ, ಪಕ್ಕದವರ ಕಾಂಪೌಂಡು ಒಳಗೆ ಬಂದಿದೆಯೇ, ಮೇಲಿನ ಮಹಡಿ ಪ್ಲಾನಿನಲ್ಲಿದೆಯೇ, ಇದನ್ನೆಲ್ಲ ಟೇಪು ಹಿಡಿದು ನೋಡುವವರು ಯಾರು?

ಬೆಲೆಯದು ಇನ್ನೊಂದು ದೊಡ್ಡ ಕತ್ತಲು. ಪಕ್ಕದ ಮನೆ ಹೋದ ವರ್ಷ ನಿಜವಾಗಿ ಎಷ್ಟಕ್ಕೆ ಹೋಯಿತು ಅಂತ ತಿಳಿಯಲು ನಮ್ಮಂಥವರಿಗೆ ದಾರಿಯೇ ಇಲ್ಲ. ಕ್ರಯಪತ್ರ ತೆಗೆದು ನೋಡಿದರೆ ಎಷ್ಟೋ ಸಲ ಗೈಡೆನ್ಸ್ ವ್ಯಾಲ್ಯೂ, ಅಂದರೆ ಸರ್ಕಾರ ಗೊತ್ತು ಮಾಡಿದ ದರದ ಹತ್ತಿರದ ಮೊತ್ತ ಇರುತ್ತದೆ. ಆನ್‌ಲೈನ್‌ನಲ್ಲಿ ಹಾಕಿರುವುದು ಕೇಳುವ ಬೆಲೆ, ಕೊಟ್ಟ ಬೆಲೆಯಲ್ಲ. ಅದೇ ಬೀದಿಯಲ್ಲಿ ವ್ಯಾಪಾರ ಮಾಡಿಸಿದವರಿಗೆ ಮಾತ್ರ ಸತ್ಯ ಗೊತ್ತು. ಅಂಥ ಒಬ್ಬರು ನಮ್ಮ ಪಕ್ಕ ಕೂತಿದ್ದರೆ ಎದುರಿನವರೂ ಬಾಯಿಗೆ ಬಂದ ರೇಟು ಹೇಳುವುದಿಲ್ಲ.

ಮೈಸೂರಿನ ಅಂಚಿಗೆ ಹೋದಷ್ಟೂ ಇದರ ಅಗತ್ಯ ಹೆಚ್ಚು. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಕೆಲವು ವರ್ಷಗಳ ಹಿಂದೆ ಪಟ್ಟಣ ಪಂಚಾಯಿತಿಗಳಾದವು, ಹೂಟಗಳ್ಳಿ ನಗರಸಭೆಯಾಯಿತು. ಒಂದೇ ರಸ್ತೆಯ ಈ ಬದಿ ಮುಡಾ (ಹಿಂದಿನ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಮಾಡಿದ ಲೇಔಟು, ಆ ಬದಿ ಖಾಸಗಿ ಲೇಔಟು, ಅದರಾಚೆ ಕೃಷಿಯಿಂದ ವಾಸಕ್ಕೆ ಭೂಪರಿವರ್ತನೆಯೇ ಆಗದ ರೆವಿನ್ಯೂ ಸೈಟು. ನೋಡಲು ಮೂರೂ ಒಂದೇ ಥರ, ಕಲ್ಲು ನೆಟ್ಟಿರುತ್ತಾರೆ, ತೆಂಗಿನ ಸಸಿ ಇಟ್ಟಿರುತ್ತಾರೆ. ಖಾಸಗಿ ಲೇಔಟನ್ನು ಸ್ಥಳೀಯ ಸಂಸ್ಥೆಗೆ ಹಸ್ತಾಂತರ ಮಾಡಿಲ್ಲದಿದ್ದರೆ ಬೀದಿದೀಪ, ಕಸ, ಒಳಚರಂಡಿ ಯಾವುದಕ್ಕೂ ಹೇಳೋರು ಕೇಳೋರು ಇಲ್ಲ. ಕಬಿನಿ ನೀರೋ ಕಾವೇರಿ ನೀರೋ ಬೋರ್‌ವೆಲ್ಲೋ, ಬೇಸಿಗೆಯಲ್ಲಿ ಟ್ಯಾಂಕರ್ ಎಷ್ಟಕ್ಕೆ ಬರುತ್ತದೆ, ಇದು ಪಕ್ಕದ ಮನೆಯವರನ್ನು ಮಾತಾಡಿಸಿದರೆ ಮಾತ್ರ ಗೊತ್ತಾಗುವ ವಿಷಯ. ತಂಗಿ ಮಗನ ಏಜೆಂಟ್ ಮಾಡಿದ್ದೂ ಅದೇ, ಬೆಳಗ್ಗೆ ನೀರು ಬಿಡುವ ಹೊತ್ತಿಗೆ ಹೋಗಿ ಗೇಟಿನ ಹತ್ತಿರ ನಿಂತರು.

ಮೈಸೂರಿನ ಮಟ್ಟಿಗೆ ಇನ್ನೊಂದು ಮಾತು. ಇಲ್ಲಿ ಮಾರಾಟಕ್ಕೆ ಬರುವ ಎಷ್ಟೋ ಮನೆಗಳ ಮಾಲೀಕರು ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ಇದ್ದಾರೆ. 50 ಲಕ್ಷ ಅಥವಾ ಅದಕ್ಕಿಂತ ಮೇಲಿನ ಆಸ್ತಿಗೆ ಕೊಳ್ಳುವವರು ಬೆಲೆಯಲ್ಲಿ ಶೇ 1ನ್ನು ತೆರಿಗೆ (ಟಿಡಿಎಸ್) ಅಂತ ಹಿಡಿದು ಸರ್ಕಾರಕ್ಕೆ ಕಟ್ಟಬೇಕು ಅನ್ನುವುದು ಬಹಳ ಜನಕ್ಕೆ ಗೊತ್ತು. ಮಾರುವವರು ಎನ್‌ಆರ್‌ಐ ಆದರೆ ಆ ಶೇ 1ರ ಲೆಕ್ಕ ನಡೆಯುವುದಿಲ್ಲ, ದರ ಅದಕ್ಕಿಂತ ಬಹಳ ಹೆಚ್ಚು. ಹಿಡಿಯದೆ ಬಿಟ್ಟರೆ ಆದಾಯ ತೆರಿಗೆ ಇಲಾಖೆ ಬರುವುದು ಕೊಂಡವರ ಹತ್ತಿರ. ಮಾರುವವರ ಬ್ರೋಕರ್ ಇದನ್ನು ನೆನಪಿಸಬೇಕಾದ ಅಗತ್ಯವೇ ಇಲ್ಲ.

ಕಾನೂನು ಕಾಪಾಡುವುದಿಲ್ಲವೇ? ಅರ್ಧಂಬರ್ಧ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಏಜೆಂಟರಿಗೂ ನೋಂದಣಿ ಕಡ್ಡಾಯ ಮಾಡಿದೆ, ಬಿಲ್ಡರ್ ಕರಾರು ರಿಜಿಸ್ಟರ್ ಮಾಡಿಸದೆ ಶೇ 10ಕ್ಕಿಂತ ಹೆಚ್ಚು ಮುಂಗಡ ತೆಗೆದುಕೊಳ್ಳುವಂತಿಲ್ಲ ಅಂದಿದೆ. ಆದರೆ ಇದೆಲ್ಲ ರೇರಾ ವ್ಯಾಪ್ತಿಯ ಪ್ರಾಜೆಕ್ಟ್‌ಗಳಿಗೆ. ಸರಸ್ವತಿಪುರಂನಲ್ಲೋ ಕುವೆಂಪುನಗರದಲ್ಲೋ ಯಾರದೋ ಹಳೆ ಮನೆ ಕೊಳ್ಳುವವರಿಗೆ ಆ ಆಸರೆ ಇಲ್ಲ. ಅಲ್ಲಿ ಉಳಿಯುವುದು 1872ರ ಕರಾರು ಕಾಯ್ದೆ. ಏಜೆಂಟ್ ಆದವರು ತಮ್ಮನ್ನು ನೇಮಿಸಿದವರಿಗೆ ಹೇಳದೆ ಆ ವ್ಯವಹಾರದಲ್ಲಿ ತಾವೇ ಒಳಗೊಳಗೆ ಲಾಭ ಮಾಡಿಕೊಂಡರೆ, ಆ ಲಾಭ ಕೇಳುವ ಹಕ್ಕು ನೇಮಿಸಿದವರಿಗೆ ಅದರಲ್ಲಿದೆ. ಹಕ್ಕು ಇರುವುದು ನೇಮಿಸಿದವರಿಗೆ ಮಾತ್ರ, ಅದಕ್ಕೇ ನೇಮಕ ಕಾಗದದ ಮೇಲೆ ಇರಬೇಕು.

ಅಮೆರಿಕದಲ್ಲಿ ಕೊಳ್ಳುವವರಿಗೆ ಬೇರೆಯೇ ಏಜೆಂಟ್ ಇರುವುದು ಬಹಳ ಕಾಲದ ರೂಢಿ. ಆದರೆ ಅಲ್ಲೂ ಅವರ ಕಮಿಷನ್ ಹೆಚ್ಚಾಗಿ ಮಾರುವವರ ಹಣದಿಂದಲೇ ಹೋಗುತ್ತಿತ್ತು. ಅದರ ಮೇಲೆ ದೊಡ್ಡ ಕೇಸು ನಡೆದು, 2023ರ ಅಕ್ಟೋಬರಿನಲ್ಲಿ ಮಿಸೌರಿಯ ಜ್ಯೂರಿ ಏಜೆಂಟರ ಸಂಘದ ವಿರುದ್ಧ ತೀರ್ಪು ಕೊಟ್ಟಿತು. ಆಮೇಲಿನ ರಾಜಿಯಂತೆ 2024ರ ಆಗಸ್ಟಿನಿಂದ, ಆ ಸಂಘದ ವ್ಯವಸ್ಥೆಯೊಳಗಿನ ಏಜೆಂಟರು ಮನೆ ತೋರಿಸುವ ಮೊದಲೇ ಕೊಳ್ಳುವವರ ಜತೆ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು, ಫೀಸು ಎಷ್ಟು ಅಂತ ಅದರಲ್ಲೇ ಬರೆಯಬೇಕು. ನಮಗೂ ಬೇಕಾದ್ದು ಇದೇ.

ಹಾಗಾದರೆ ಎಷ್ಟು ಕೊಡಬೇಕು? ನನ್ನ ಅಭಿಪ್ರಾಯದಲ್ಲಿ ಪರ್ಸೆಂಟ್ ಲೆಕ್ಕ ಬೇಡವೇ ಬೇಡ. ಬೆಲೆ ಏರಿದಷ್ಟೂ ಅವರ ಫೀಸೂ ಏರುವುದಾದರೆ ನಮ್ಮ ಪರವಾಗಿ ಚೌಕಾಸಿ ಮಾಡಲು ಮನಸ್ಸು ಹೇಗೆ ಬಂದೀತು? ಒಂದು ಇಡುಗಂಟು ಗೊತ್ತು ಮಾಡಿ. ಅದರಲ್ಲಿ ಒಂದು ಭಾಗ, ಮನೆ ಕೊಳ್ಳದಿದ್ದರೂ ಅವರದು. ಇದನ್ನು ಕೇಳಿದರೆ ನಮ್ಮವರು ಹೌಹಾರುತ್ತಾರೆ, ಕೊಳ್ಳದಿದ್ದರೂ ಕೊಡಬೇಕಾ ಅಂತ. 80 ಲಕ್ಷದ ಮನೆಗೆ ಸ್ಟಾಂಪ್ ಡ್ಯೂಟಿ ಶೇ 5ರಂತೆ 4 ಲಕ್ಷ. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 2 ಆಗಿರುವುದರಿಂದ ಇನ್ನೊಂದು 1.6 ಲಕ್ಷ. ಸೆಸ್ಸು, ಸರ್‌ಚಾರ್ಜು ಬೇರೆ. ಅದನ್ನೆಲ್ಲ ತುಟಿ ಪಿಟಕ್ಕೆನ್ನದೆ ಕಟ್ಟುವ ನಾವು, ನಮ್ಮ ಹಿತ ನೋಡುವ ಒಬ್ಬರಿಗೆ ಕೊಡುವಾಗ ಮಾತ್ರ ಸಾವಿರ ಸಾವಿರಕ್ಕೂ ಚೌಕಾಸಿಗೆ ಇಳಿಯುತ್ತೇವೆ. ನನಗೆ ಇದು ತುಂಬಾ ಬೇಸರ ತರಿಸುವ ವಿಷಯ.

ಚಿಕ್ಕಪ್ಪ, ಭಾವ, ಆಫೀಸಿನ ಸ್ನೇಹಿತರನ್ನು ಕರೆದುಕೊಂಡು ಹೋಗುವುದು ತಪ್ಪಲ್ಲ. ಆದರೆ ಅವರನ್ನು ನಾಲ್ಕನೇ ಸಲ ಕರೆಯಲು ಸಂಕೋಚ, ಅವರ ಮಾತು ತಪ್ಪಾದರೆ ಕೇಳಲೂ ಸಂಕೋಚ. ದುಡ್ಡು ಕೊಟ್ಟವರನ್ನು ಕೇಳಬಹುದು.

ಅಂಥವರು ಸಿಗುತ್ತಾರಾ ಅಂದರೆ, ಕೊಳ್ಳುವವರ ಏಜೆಂಟ್ ಅಂತ ಬೋರ್ಡು ಹಾಕಿಕೊಂಡು ಕೂತವರು ಕಡಿಮೆಯೇ. ನೀವು ನೋಡುತ್ತಿರುವ ಏರಿಯಾದಲ್ಲಿ ಹಳಬರು ಯಾರು ಅಂತ ಅಲ್ಲಿನ ಅಂಗಡಿಯವರನ್ನೇ ಕೇಳಿ. ನೀವು ಮೆಚ್ಚಿದ ಮನೆ ಅವರ ಲಿಸ್ಟಿನಲ್ಲಿ ಇರಬಾರದು, ಇದೊಂದು ಗಟ್ಟಿ. ಒಂದು ಹಾಳೆಯಲ್ಲಿ ಬರೆಯಿಸಿ: ಮಾರುವವರಿಂದ ಏನೂ ಪಡೆಯುವುದಿಲ್ಲ, ಪಡೆದರೆ ನಿಮಗೆ ಒಪ್ಪಿಸುತ್ತಾರೆ, ಫೀಸು ಇಷ್ಟು, ಟೋಕನ್‌ಗೆ ಮೊದಲು ಮೂಲಪತ್ರ, ವಂಶವೃಕ್ಷ, ಇಸಿ, ಇ-ಖಾತೆ, ಪ್ಲಾನು ನೋಡಿ ಹೇಳುತ್ತಾರೆ. ಇಬ್ಬರೂ ಸಹಿ ಹಾಕಿ. ಒಪ್ಪದವರನ್ನು ಬಿಟ್ಟುಬಿಡಿ.

ಈ ವರ್ಷ ಮನೆ ನೋಡುತ್ತಿರುವವರಿಗೆ ಒಂದು ಸಲಹೆ. ಆಷಾಢದಲ್ಲಿ ರಿಜಿಸ್ಟ್ರೇಷನ್ ಮಾಡಿಸುವುದಿಲ್ಲ ಅಂತ ಹೇಗೂ ಸುಮ್ಮನಿರುತ್ತೀರಿ. ಆ ತಿಂಗಳೇ ಏಜೆಂಟನ್ನು ಗೊತ್ತು ಮಾಡಿಕೊಳ್ಳಿ. ಬೇರೆ ಪಾರ್ಟಿಗಳ ಗಲಾಟೆ ಕಡಿಮೆ ಇರುತ್ತದೆ, ಮಳೆ ಬಂದ ಮರುದಿನ ಹೋದರೆ ಯಾವ ಗೋಡೆ ಒದ್ದೆ, ಯಾವ ರಸ್ತೆಯಲ್ಲಿ ನೀರು ನಿಂತಿದೆ ಎಲ್ಲ ಕಾಣುತ್ತದೆ. ಶ್ರಾವಣಕ್ಕೆ ಟೋಕನ್ ಕೊಡುವಷ್ಟರಲ್ಲಿ ಪೇಪರ್ ಪೂರ್ತಿ ನೋಡಿ ಮುಗಿದಿರುತ್ತದೆ.