ನಮ್ಮ ಮನೆ ಕಾವಲಿಯೇ ತೂತು

ತಟ್ಟೆಯಲ್ಲಿದ್ದ ಕುರಿ ಚಾಪ್ಸನ್ನು ನಮ್ಮ ಮಾವ ಮೊದಲು ಬೆರಳಲ್ಲಿ ಒತ್ತಿದರು, ಆಮೇಲೆ ಮೂಸಿದರು, ಕೊನೆಗೆ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ನೋಡಿದರು.

“ಅಳಿಯಂದ್ರೇ, ಇದನ್ನ ಬೇಯಿಸಿದ್ರೋ, ತೊಳೆದ್ರೋ?”

ಬೇಯಿಸಿದ್ದೆ. ಥರ್ಮಾಮೀಟರ್ ಚುಚ್ಚಿ, ಒಳಗೆ 145 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ್ದನ್ನು ಕಣ್ಣಾರೆ ಕಂಡು, ಅಮೆರಿಕದ ಕೃಷಿ ಇಲಾಖೆ ಹೇಳುವ ಹಾಗೆ ಮೂರು ನಿಮಿಷ ಮುಟ್ಟದೆ ಇಟ್ಟು, ಆಮೇಲೇ ಬಡಿಸಿದ್ದೆ. ಮೆತ್ತಗಿತ್ತು, ರಸ ಇತ್ತು, ಹೊಗೆಯ ಘಮವೂ ಇತ್ತು. ಬಣ್ಣ ಒಂದಿರಲಿಲ್ಲ. ಹದಿನೈದು ದಿನ ಟೈಫಾಯ್ಡಿನಲ್ಲಿ ಮಲಗಿ ಎದ್ದವರ ಮುಖದ ಹಾಗೆ ಬೂದು ಬೂದು. ಮದ್ದೂರಿನಿಂದ ಟೆಕ್ಸಸ್‌ನ ಪ್ಲೇನೋವರೆಗೆ ಎರಡು ವಿಮಾನ ಹತ್ತಿಳಿದು ಬಂದ ಮನುಷ್ಯನಿಗೆ ಅಳಿಯ ಬಡಿಸಿದ ಮೊದಲ ಬಾಡೂಟ ಅದು.

ಮಾವ ತಿಂದರು. ತಿಂದು, “ಪರವಾಗಿಲ್ಲ” ಅಂದರು. ಮಂಡ್ಯ ಕಡೆಯವರು ಬಾಡಿನ ವಿಷಯದಲ್ಲಿ “ಪರವಾಗಿಲ್ಲ” ಅಂದರೆ ಅದು ಶ್ರದ್ಧಾಂಜಲಿ.

ತಪ್ಪು ನನ್ನದಲ್ಲ, ಒಲೆಯದು ಎಂದು ತೋರಿಸಲು ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋದೆ. ನನ್ನದು ಪೆಲೆಟ್ ಗ್ರಿಲ್. “ಒಲೆ ಅಂತೀರಿ, ಸೌದೆ ಎಲ್ಲಿ?” ಅಂದರು. ಪೆಟ್ಟಿಗೆಯ ಮುಚ್ಚಳ ಎತ್ತಿದೆ. ಒಳಗೆ ಕೋಳಿ ಫೀಡಿನಂಥ ಕಾಳು. ಮರದ ಹೊಟ್ಟನ್ನು ಕಾಯಿಸಿ ಒತ್ತಿದಾಗ ಅದರೊಳಗಿನ ಲಿಗ್ನಿನ್ ಎಂಬ ಪದಾರ್ಥವೇ ಅಂಟಾಗಿ ಹಿಡಿದುಕೊಂಡು ಆಗುವ ಆರು ಮಿಲಿಮೀಟರ್ ದಪ್ಪದ ತುಂಡುಗಳು. ತಳದಲ್ಲಿ ಒಂದು ಉದ್ದನೆಯ ಸ್ಕ್ರೂ ನಿಧಾನಕ್ಕೆ ತಿರುಗುತ್ತಾ ಈ ಕಾಳನ್ನು ನೂಕಿಕೊಂಡು ಹೋಗಿ ಮುಷ್ಟಿಗಾತ್ರದ ಒಂದು ಬೆಂಕಿ ಬಟ್ಟಲಿಗೆ ಬೀಳಿಸುತ್ತದೆ. ಅಲ್ಲಿ ಒಂದು ಕಡ್ಡಿ ಕೆಂಪಗೆ ಕಾದು ಹೊತ್ತಿಸುತ್ತದೆ, ಫ್ಯಾನು ಊದುತ್ತದೆ, ಕಂಟ್ರೋಲರು ಕಾವು ನೋಡಿಕೊಂಡು ಸ್ಕ್ರೂಗೆ “ಹಾಕು, ಸಾಕು” ಎನ್ನುತ್ತಿರುತ್ತದೆ.

ಮಾವ ಪ್ರಾಯದಲ್ಲಿ ಆಲೆಮನೆ ನಡೆಸಿದವರು. “ಓ, ರಚ್ಚು ಹಾಕೋನು!” ಅಂದರು. ಕೊಪ್ಪರಿಗೆಯ ಕೆಳಗಿನ ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ತುರುಕುತ್ತಾ, ಕಬ್ಬಿನ ಹಾಲು ಉಕ್ಕಿ ಬಂದರೆ ಕೈ ತಡೆಯುತ್ತಾ, ಇಡೀ ರಾತ್ರಿ ಕೂರುವ ಆಳು. “ಅವನಿಗೆ ಬೀಡಿ ಕೊಡ್ತಿದ್ವಿ, ಇದಕ್ಕೆ ಕರೆಂಟ್ ಕೊಡ್ತೀರಿ. ಅಷ್ಟೇ ತಾನೇ?” ನಾನು ಮೂರು ಸಲ ಮ್ಯಾನ್ಯುಯಲ್ ಓದಿ ತಿಳಿದುಕೊಂಡದ್ದು ಅಷ್ಟೇ ಆಗಿತ್ತು.

ಇದರ ತೊಂದರೆ ಏನೆಂದರೆ, ಬೆಂಕಿಗೂ ಮಾಂಸಕ್ಕೂ ನಡುವೆ ಎರಡು ಪರದೆ. ಬಟ್ಟಲಿನ ಮೇಲೆ ದಪ್ಪನೆಯ ಒಂದು ಉಕ್ಕಿನ ತಟ್ಟೆ, ಕಾವು ಎಲ್ಲ ಕಡೆಗೂ ಹರಡಲಿ ಎಂದು. ಅದರ ಮೇಲೆ ಕೊಬ್ಬು ಜಾರಿಹೋಗಲು ಇಳಿಜಾರಿನ ಇನ್ನೊಂದು ತಗಡು. ಹೀಗಾಗಿ ಚಾಪ್ಸು ಬೇಯುವುದು ಬೆಂಕಿಯಿಂದಲ್ಲ, ಬಿಸಿಗಾಳಿಯಿಂದ. ನನ್ನದು ಎಷ್ಟು ಏರಿಸಿದರೂ 500 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 260 ಸೆಲ್ಸಿಯಸ್. ಸಾಲದೇ ಎಂದರೆ, ಅಂಕಿ ಸಾಲುತ್ತದೆ, ಗಾಳಿ ಸಾಲುವುದಿಲ್ಲ. ಕಾದ ಅವನ್ನಿನ ಒಳಗೆ ಕೈ ಇಟ್ಟು ಒಂದು ಕ್ಷಣ ಇರಬಹುದು, ಅದೇ ಕಾವಿನ ಕಂಬಿ ಮುಟ್ಟಿದರೆ ಬೊಬ್ಬೆ. ಗಾಳಿ ಜಿಪುಣ, ತನ್ನಲ್ಲಿರುವ ಶಾಖವನ್ನು ಬೇಗ ಬಿಟ್ಟುಕೊಡುವುದಿಲ್ಲ. ಮಾಂಸ ಕೆಂಪಗಾಗಿ ಘಮ್ಮೆನ್ನುವ ಆ ಕ್ರಿಯೆಯನ್ನು 1912ರಲ್ಲಿ ಫ್ರಾನ್ಸಿನ ಲೂಯಿ ಕಮೀಯ್ ಮಯಾರ್ ವಿವರಿಸಿದ. ಅದು ಜೋರು ಹಿಡಿಯುವುದು ಸುಮಾರು 140 ಸೆಲ್ಸಿಯಸ್ ದಾಟಿದ ಮೇಲೆ. ಮೇಲ್ಮೈಯಲ್ಲಿ ನೀರಿನ ಪಸೆ ಇರುವ ತನಕ ಮಾಂಸ 100ರ ಹತ್ತಿರವೇ ಪಟ್ಟು ಹಿಡಿದು ಕೂರುತ್ತದೆ. ಆ ಪಸೆಯನ್ನು ನನ್ನ ಬಿಸಿಗಾಳಿ ಓಡಿಸುವಷ್ಟರಲ್ಲಿ ಚಾಪ್ಸಿನ ಒಳಗೆಲ್ಲ ಬೆಂದು ಚಪ್ಪಲಿಯಾಗಿರುತ್ತದೆ.

ಇಷ್ಟು ಓದಿಕೊಂಡ ಸಾಫ್ಟ್‌ವೇರ್ ಮನುಷ್ಯ ಸುಮ್ಮನಿರುತ್ತಾನೆಯೇ? ಅಪ್‌ಗ್ರೇಡ್ ಶುರುವಾಯಿತು.

ಮೊದಲು ಮುಚ್ಚಳದ ಅಂಚಿಗೆ ಶಾಖ ತಡೆಯುವ ಪಟ್ಟಿ ಅಂಟಿಸಿದೆ. ಹೊಗೆ ಸೋರುವುದು ನಿಂತಿತು, ಚಾಪ್ಸು ಬೂದೇ. ಆಮೇಲೆ ಹೊಸ ಕಂಟ್ರೋಲರ್ ಬಂತು. 225 ಫ್ಯಾರನ್‌ಹೀಟ್‌ಗೆ ಇಟ್ಟರೆ ಕಾವು 225ರಲ್ಲೇ ಗೂಟ ಹೊಡೆದ ಹಾಗೆ ನಿಲ್ಲುತ್ತಿತ್ತು, ಆಫೀಸಿನ ಮೀಟಿಂಗಿನಲ್ಲಿ ಕೂತು ಫೋನಿನಲ್ಲೇ ನೋಡಬಹುದಿತ್ತು. ಬಣ್ಣದ ವಿಷಯದಲ್ಲಿ ಮಾತ್ರ ಅದು ನಿರ್ಲಿಪ್ತ. ಮೂರನೆಯದಾಗಿ ನನ್ನ ಹೆಂಡತಿ ಮೈಸೂರಿನಿಂದ ಸೂಟ್‌ಕೇಸಿನಲ್ಲಿ ಹೊತ್ತು ತಂದಿದ್ದ ಬೀಡಿನ ದೋಸೆ ಕಾವಲಿಯನ್ನು ಅವಳು ವಾಕಿಂಗ್ ಹೋದಾಗ ಗ್ರಿಲ್ಲಿನೊಳಗೆ ಇಟ್ಟೆ. ಅರ್ಧ ಗಂಟೆ ಪೂರ್ತಿ ಕಾವಿಗೆ ಬಿಟ್ಟು, ಚಾಪ್ಸಿನ ಪಸೆಯನ್ನು ಟಿಶ್ಯೂನಲ್ಲಿ ಒತ್ತಿ ತೆಗೆದು, ಮೇಲೆ ಹಾಕಿದೆ. ಚರ್ರ್ ಅಂತು! ನಿಜ ಹೇಳಬೇಕೆಂದರೆ ಕಥೆ ಅಲ್ಲೇ ಮುಗಿಯಬೇಕಿತ್ತು. ಬೀಡು ಶಾಖವನ್ನು ಕೂಡಿಟ್ಟುಕೊಂಡಿತ್ತು, ಮಾಂಸ ಮುಟ್ಟಿದೊಡನೆ ಕೊಟ್ಟಿತು. ಮೈತುಂಬ ಬೆಲ್ಲದ ಬಣ್ಣ.

ಆದರೆ ಎರಡು ಅಡ್ಡಿ. ಒಂದು, ಮರುದಿನ ಬೆಳಿಗ್ಗೆಯ ಸೆಟ್ ದೋಸೆಯಲ್ಲಿ ಕುರಿ ಬಂತು. ಕಾವಲಿ ನನ್ನ ಕೈಗೆ ಸಿಗದ ಕಪಾಟಿಗೆ ಹೋಯಿತು, ಕಪಾಟಿಗೆ ಬೀಗ ಬಿತ್ತು. ಎರಡು, ನನಗೆ ಗೆರೆ ಬೇಕಿತ್ತು. ಹೋಟೆಲಿನ ಫೋಟೋಗಳಲ್ಲಿ ಇರುತ್ತದಲ್ಲ, ಕಾಪಿ ಪುಸ್ತಕದಲ್ಲಿ ಎಳೆದಂಥ ಕಪ್ಪು ಗೆರೆ.

“ಗೆರೆ ತಿಂತೀರಾ?” ಎಂದರು ಮಾವ.

ಅವರ ಮಾತಿನಲ್ಲಿ ವಿಜ್ಞಾನ ಇತ್ತು. ಗೆರೆ ಇದ್ದಲ್ಲಿ ಮಾತ್ರ ರುಚಿ, ನಡುವೆಲ್ಲ ಬೂದು. ಕಾವಲಿಯಲ್ಲಾದರೆ ಇಡೀ ಮೈಗೆ ರುಚಿ. ಆದರೆ ಇರಲಾರದೆ ಇರುವೆ ಬಿಟ್ಟುಕೊಳ್ಳುವವನಿಗೆ ವಿಜ್ಞಾನ ತಗಲುವುದಿಲ್ಲ. ಕಂಬಿ ಕಂಬಿಯ ಅಲ್ಯೂಮಿನಿಯಂ ಹಾಸು ತರಿಸಿದೆ. ಗೆರೆ ಬಂತು, ಪೆನ್ಸಿಲ್ಲಿನಲ್ಲಿ ಎಳೆದಷ್ಟು. ಇನ್ನೂ ಕಾವು ಬೇಕು. ಬೆಂಕಿಯೇ ನೇರವಾಗಿ ತಾಗಬೇಕು. ಅಂದರೆ ಮೇಲಿನ ಇಳಿಜಾರಿನ ತಗಡನ್ನು ತೆಗೆದಿಟ್ಟು, ಆ ಉಕ್ಕಿನ ತಟ್ಟೆಗೆ ತೂತು ಕೊರೆಯಬೇಕು. ಬೆಂಕಿಯ ಮೇಲೆ ತೆರೆಯುವ ಕಿಂಡಿ ಇಟ್ಟುಕೊಂಡೇ ಬರುವ ಪೆಲೆಟ್ ಗ್ರಿಲ್ಲುಗಳೂ ಇವೆ. ಅವುಗಳಿಗೆ ಕೊಬ್ಬು ಹರಿಯುವ ದಾರಿಯನ್ನೂ ಯೋಚಿಸಿಯೇ ಮಾಡಿರುತ್ತಾರೆ ಎಂಬ ಸಣ್ಣ ಅಂಶವನ್ನು ನಾನು ಗಮನಿಸಲಿಲ್ಲ.

ಗ್ಯಾರೇಜಿನಲ್ಲಿ ಡ್ರಿಲ್ ಹಿಡಿದು ನಿಂತೆ. ಕೊರೆಯುವ ಮೊದಲ ಮೊನೆ, ಅಂದರೆ ಬಿಟ್ಟು, ಕೀಚ್ ಎಂದು ಕಿರುಚಿ, ತಟ್ಟೆಯ ಮೇಲೆ ಒಂದು ಹೊಳೆಯುವ ಚುಕ್ಕೆ ಇಟ್ಟು ಸತ್ತುಹೋಯಿತು. ಎರಡನೆಯದು ಹೊಗೆ ಬಿಟ್ಟಿತು. ಮೂರನೆಯದು ಮುರಿದು ಬಟ್ಟೆ ಒಗೆಯುವ ಮೆಷೀನಿನ ಹಿಂದೆ ಎಲ್ಲೋ ಹೋಗಿ ಬಿತ್ತು. ಕುರ್ಚಿ ಹಾಕಿಕೊಂಡು ಕೂತಿದ್ದ ಮಾವ ಎದ್ದು ಬಂದರು. “ಇಷ್ಟು ಜೋರಾಗಿ ತಿರುಗಿಸಿದ್ರೆ ಸ್ಟೀಲು ಇನ್ನೂ ಗಟ್ಟಿಯಾಗುತ್ತೆ. ಒತ್ತಿ ಹಿಡೀರಿ, ನಿಧಾನಕ್ಕೆ ತಿರುಗಿಸಿ, ಎಣ್ಣೆ ಬಿಡಿ.” ಅಡುಗೆಮನೆಯಿಂದ ಕಡಲೆಕಾಯಿ ಎಣ್ಣೆ ತಂದು ಚಮಚದಲ್ಲಿ ಹನಿ ಹನಿ ಬಿಟ್ಟರು. ನಾಲ್ಕನೆಯ ಬಿಟ್ಟು ಸುರುಳಿ ಸುರುಳಿಯಾಗಿ ಉಕ್ಕು ಉಗುಳಿತು. ಸಂಜೆಯ ಹೊತ್ತಿಗೆ ನಲವತ್ತೆರಡು ತೂತು. ಗ್ಯಾರೇಜೆಲ್ಲ ಒಗ್ಗರಣೆಯ ವಾಸನೆ. ಹೆಂಡತಿ ಬಂದು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು. “ಎಲ್ಲರ ಮನೆ ದೋಸೆ ತೂತು, ನಮ್ಮ ಮನೆ ಕಾವಲಿಯೇ ತೂತು” ಎಂದು ಹೇಳಿ ಒಳಗೆ ಹೋದಳು.

ಹೊಸತೊಡಕಿನ ದಿನ ಮುಹೂರ್ತ. ಯುಗಾದಿ ಯಾವ ವಾರವೇ ಬರಲಿ, ಇಲ್ಲಿ ಹೊಸತೊಡಕು ಬೀಳುವುದು ಶನಿವಾರಕ್ಕೆ. ಮೂರು ಸಂಸಾರ ಊಟಕ್ಕೆ ಬಂದಿತ್ತು. ಹಿಂದಿನ ರಾತ್ರಿ ಮಳೆ ಸುರಿದಿತ್ತು, ಪೆಟ್ಟಿಗೆಯ ಮುಚ್ಚಳವನ್ನು ನಾನು ಸರಿಯಾಗಿ ಮುಚ್ಚಿರಲಿಲ್ಲ. ಪೆಲೆಟ್ಟು ನೀರು ಕುಡಿದರೆ ಉಬ್ಬಿ ಮತ್ತೆ ಹೊಟ್ಟಾಗುತ್ತದೆ, ಸ್ಕ್ರೂವಿನ ಗಂಟಲಲ್ಲಿ ಸಿಮೆಂಟಿನ ಹಾಗೆ ಕೂರುತ್ತದೆ. ಅರ್ಧ ಗಂಟೆ ಸ್ಕ್ರೂಡ್ರೈವರಿನಲ್ಲಿ ಕೆತ್ತಿ, ಒಣ ಕಾಳು ತುಂಬಿ, ಸ್ವಿಚ್ ಹಾಕಿದೆ. ಹೊತ್ತಲಿಲ್ಲ. ಆಫ್ ಮಾಡಿ ಮತ್ತೆ ಹಾಕಿದೆ. ಕಂಪ್ಯೂಟರಿನವರಿಗೆ ಬೇರೆ ಮಂತ್ರ ಗೊತ್ತಿಲ್ಲ. ಮೂರನೆಯ ಸಲವೂ ಹಾಗೇ ಮಾಡಿದೆ. ಪ್ರತಿ ಸಲ ಶುರುವಾದಾಗಲೂ ಸ್ಕ್ರೂ ನಿಷ್ಠೆಯಿಂದ ಇನ್ನೊಂದಷ್ಟು ಕಾಳನ್ನು ಬಟ್ಟಲಿಗೆ ಸುರಿಯುತ್ತಿತ್ತು ಎಂದು ಹೊಳೆಯಲಿಲ್ಲ.

ಹಳದಿ ಮಿಶ್ರಿತ ಬಿಳಿ ಹೊಗೆ ಬರತೊಡಗಿತು. ಪಕ್ಕದ ಮನೆಯ ಟೆಕ್ಸಸ್ ಅಜ್ಜ ಬೇಲಿಯ ಮೇಲಿಂದ ತಲೆ ಹಾಕಿದ. ಅವನು ಬಾರ್ಬೆಕ್ಯೂಗೆ ಹೆಸರಾದ ಲಾಕ್‌ಹಾರ್ಟ್ ಕಡೆಯವನು, ಓಕ್ ಸೌದೆಯಲ್ಲಿ ಹನ್ನೆರಡು ಗಂಟೆ ಬ್ರಿಸ್ಕೆಟ್, ಅಂದರೆ ದನದ ಎದೆಮಾಂಸ, ಬೇಯಿಸುವವನು. ಪ್ಲಗ್ಗಿರುವ ಒಲೆಯನ್ನು ಅವನು ಒಲೆಯೆಂದೇ ಒಪ್ಪುವುದಿಲ್ಲ. “ಮುಚ್ಚಳ ತೆಗಿ, ಗಾಳಿಯಾಡಲಿ” ಎಂದು ಕೂಗುವಷ್ಟರಲ್ಲಿ,

ಢಂ.

ಮುಚ್ಚಳ ಗೇಣುದ್ದ ಹಾರಿ ಮತ್ತೆ ಕೂತಿತು. ತುಂಬಿಕೊಂಡಿದ್ದ ಹೊಗೆಗೆ ಒಮ್ಮೆಲೇ ಕಿಡಿ ತಾಗಿತ್ತು. ಮಕ್ಕಳು ಚಪ್ಪಾಳೆ ತಟ್ಟಿದರು. ಒಳಗೆ ನೋಡಿದರೆ ನಲವತ್ತೆರಡು ತೂತಿನಿಂದಲೂ ನಲವತ್ತೆರಡು ನಾಲಗೆ, ಗ್ಯಾಸ್ ಒಲೆಯಂತೆ. ನನಗೆ ಹೆದರಿಕೆಯಾಗಲಿಲ್ಲ, ನಾಚಿಕೆಯಿಂದ ಹೇಳುತ್ತೇನೆ, ಖುಷಿಯಾಯಿತು. ಹದಿನಾರು ಚಾಪ್ಸನ್ನೂ ಒಟ್ಟಿಗೇ ಇಳಿಸಿದೆ. ಒಂದೊಂದರ ಬೆನ್ನಿಗೂ ಬೆರಳು ದಪ್ಪ ಕೊಬ್ಬು, ಮೇಲೆ ಮಸಾಲೆಯ ಎಣ್ಣೆ. ಒಂದು ನಿಮಿಷ ಸ್ವರ್ಗ. ಎರಡನೆಯ ನಿಮಿಷ ಕೊಬ್ಬು ಕರಗಿ ತೂತಿನಲ್ಲಿ ಇಳಿದು ಬೆಂಕಿ ಬಟ್ಟಲಿಗೇ ಬಿತ್ತು. ಹಿಂದಿನ ಎರಡು ತಿಂಗಳ ಜಿಡ್ಡು ತಳದಲ್ಲಿ ಅದಕ್ಕಾಗಿಯೇ ಕಾಯುತ್ತಿತ್ತು. ಜ್ವಾಲೆ ನನ್ನ ಎದೆಯೆತ್ತರಕ್ಕೆ ಎದ್ದಿತು. ಬಲಗಡೆಯ ಹುಬ್ಬು ಅವತ್ತಿನಿಂದ ಸ್ವಲ್ಪ ಕಡಿಮೆ ಇದೆ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎನ್ನುತ್ತಾರೆ. ನಾನು ತೋಟದ ಪೈಪು ಹುಡುಕಿದೆ. “ಎಣ್ಣೆ ಬೆಂಕಿಗೆ ನೀರು ಹಾಕ್ತೀರೇನ್ರೀ!” ಎಂದು ಹೆಂಡತಿ ಬಾಗಿಲಿಂದಲೇ ಗರ್ಜಿಸಿ, ಬಂದು ಮುಚ್ಚಳವನ್ನು ಪೊರಕೆಯ ಹಿಡಿಯಿಂದ ತಳ್ಳಿ ಬೀಳಿಸಿ, ಗೋಡೆಯ ಪ್ಲಗ್ ಕಿತ್ತಳು. ಫ್ಯಾನು ನಿಂತಿತು. ಗಾಳಿಯಿಲ್ಲದೆ ಬೆಂಕಿ ಒಳಗೇ ಗುರುಗುಟ್ಟಿ, ಇಪ್ಪತ್ತು ನಿಮಿಷಕ್ಕೆ ಸುಮ್ಮನಾಯಿತು. ನಾನು ಮುಚ್ಚಳದ ಅಂಚಿಗೆ ಅಂಟಿಸಿದ್ದ ಪಟ್ಟಿ ಅವತ್ತು ಕೆಲಸಕ್ಕೆ ಬಂತು. ಎಲ್ಲ ಅಪ್‌ಗ್ರೇಡುಗಳಲ್ಲಿ ಸಾರ್ಥಕವಾದದ್ದು ಅದೊಂದೇ.

ಪಿಜ್ಜಾ ತರಿಸಿದೆವು. ಹೊಸತೊಡಕಿಗೆ ಪಿಜ್ಜಾ. ತಿನ್ನುತ್ತಾ ಹೆಂಡತಿ ಫೋನಿನಲ್ಲಿ ಓದತೊಡಗಿದಳು, ಎಲ್ಲರಿಗೂ ಕೇಳುವ ಹಾಗೆ. ಈ ಪೆಲೆಟ್ ಗ್ರಿಲ್ ಕಂಡುಹಿಡಿದವನು ಒರೆಗಾನ್ ರಾಜ್ಯದ ಮೌಂಟ್ ಏಂಜೆಲ್ ಊರಿನ ಜೋ ಟ್ರೇಗರ್. ಮನೆ ಬೆಚ್ಚಗಿಡುವ ಒಲೆಗಳ ವ್ಯಾಪಾರ ಅವರ ಮನೆಯವರದು. ಒಂದು ಜುಲೈ 4ರಂದು ಗ್ಯಾಸ್ ಗ್ರಿಲ್ಲಿನಲ್ಲಿ ಕೋಳಿ ಇಟ್ಟು ಆಚೆ ಹೋಗಿ ಬರುವಷ್ಟರಲ್ಲಿ ಕೊಬ್ಬಿಗೆ ಬೆಂಕಿ ಹತ್ತಿ ಎಲ್ಲ ಸುಟ್ಟುಹೋಗಿತ್ತಂತೆ. ಇನ್ನು ಬೆಂಕಿ ಏಳದಂಥ ಗ್ರಿಲ್ ಮಾಡಬೇಕು ಎಂದು ಹೊರಟು, ಪೇಟೆಂಟನ್ನೂ ಪಡೆದನಂತೆ.

“ಬೆಂಕಿ ಏಳದ ಹಾಗೆ ಮಾಡೋಕೆ ಆ ಮಹಾನುಭಾವ ಅಷ್ಟು ಒದ್ದಾಡಿದಾನೆ” ಅಂದಳು. “ಮತ್ತೆ ಏಳಿಸೋಕೆ ನಮ್ಮನೆಯವರು ನಾನೂರ ಅರವತ್ತು ಡಾಲರ್ ಖರ್ಚು ಮಾಡಿದಾರೆ.”

ಲೆಕ್ಕ ಅವಳಿಗೆ ಹೇಗೆ ಗೊತ್ತಾಯಿತು ಎಂದು ನಾನು ಕೇಳಲಿಲ್ಲ.

ಮುಂದಿನ ವಾರ ಪಕ್ಕದ ಅಜ್ಜ ಬೇಲಿಯಾಚೆಯಿಂದ ಒಂದು ತಗಡಿನ ಕೊಳವೆ ದಾಟಿಸಿದ. ಇದ್ದಿಲು ಹೊತ್ತಿಸುವ ಚಿಮಣಿ. ಕೆಳಗೆ ಕಾಗದ, ಮೇಲೆ ಇದ್ದಿಲು, ಪಕ್ಕದಲ್ಲಿ ಹಿಡಿ. ಅಂಗಡಿಯಲ್ಲಿ ಇಪ್ಪತ್ತು ಡಾಲರ್ ಇರಬಹುದು. ಮಾವ ಅದನ್ನು ಇಟ್ಟಿಗೆಯ ಮೇಲೆ ನಿಲ್ಲಿಸಿ ಹೊತ್ತಿಸಿದರು. ಕಾಲು ಗಂಟೆಯಲ್ಲಿ ಮೇಲಿನ ಕೆಂಡಕ್ಕೆ ಬೂದಿ ಹಿಡಿಯಿತು. ನಾನು ಗನ್ ಥರ್ಮಾಮೀಟರ್ ಹಿಡಿದೆ. ಅದು ಅಂಕಿ ತೋರಿಸುವುದನ್ನು ಬಿಟ್ಟು, ಅಳತೆ ಮೀರಿತೆಂದು “HI”, ಅಂದರೆ ಹೈ, ಎಂದು ಬರೆದುಕೊಂಡಿತು. ಮಾವ ಇಣುಕಿ ನೋಡಿ, “ನಮಸ್ಕಾರ ಹೇಳ್ತಿದೆ, ನೀವೂ ಹೇಳಿ” ಅಂದರು.

ಚಾಪ್ಸನ್ನು ಪೆಲೆಟ್ ಗ್ರಿಲ್ಲಿನಲ್ಲೇ 225ರ ಕಾವಿನಲ್ಲಿ, ತೂತಿಲ್ಲದ ಹೊಸ ತಟ್ಟೆಯ ಮೇಲೆ, ಮುಕ್ಕಾಲು ಬೇಯಿಸಿದೆ. ಪೆಲೆಟ್ಟು ಹೊಗೆ ಕೊಡುವುದೂ ಆ ಸಣ್ಣ ಕಾವಿನಲ್ಲೇ. ಆಮೇಲೆ ಚಿಮಣಿಯ ಬಾಯಿಗೆ ಒಂದು ಜಾಲರಿ ಇಟ್ಟು, ಎರಡೆರಡೇ ಚಾಪ್ಸು, ಮಗ್ಗುಲಿಗೆ ಒಂದು ನಿಮಿಷದ ಹಾಗೆ. ಗೆರೆಯೂ ಬಂತು, ಗೆರೆಗಳ ನಡುವೆ ಬೆಲ್ಲದ ಬಣ್ಣವೂ ಬಂತು. ಮಾವ ಮೂಳೆ ಚೀಪುತ್ತಾ ಏನೂ ಅನ್ನಲಿಲ್ಲ. ಇನ್ನೊಂದು ತೆಗೆದುಕೊಂಡರು.

ಜೂನಿನಲ್ಲಿ ಊರಿಗೆ ಹೊರಟಾಗ ಆ ತೂತಿನ ತಟ್ಟೆ ಬೇಕೆಂದರು. ಕೆಂಡದ ಮೇಲಿಟ್ಟು ಹಸಿ ಕಡಲೆಕಾಯಿ ಸುಡಲು ಸರಿಯಾಗಿದೆಯಂತೆ. ದೊಡ್ಡ ಪೆಟ್ಟಿಗೆಯ ತೂಕ ಆಗಲೇ 23 ಕಿಲೋ ಮುಟ್ಟಿತ್ತು, ಹಾಗಾಗಿ ಹೆಗಲ ಚೀಲದಲ್ಲಿ ಇಟ್ಟುಕೊಂಡರು. ಡಲ್ಲಾಸ್ ವಿಮಾನ ನಿಲ್ದಾಣದಿಂದ ನಾವು ಮನೆ ಮುಟ್ಟುವ ಮೊದಲೇ ಫೋನು ಬಂತು.

“ಎಕ್ಸ್‌ರೇ ಹತ್ರ ಹಿಡಿದ್ರು. ಆಫೀಸರು ತಟ್ಟೆ ಮೇಲೆತ್ತಿ, ತೂತಲ್ಲಿ ನನ್ನ ಮುಖಾನೇ ನೋಡ್ದ. ಇದೇನು ಅಂದ.”

“ನೀವೇನಂದ್ರಿ ಮಾವ?”

“ನಮ್ಮ ಅಳಿಯ ಮಾಡಿದ್ದು ಅಂದೆ.”

“ಆಮೇಲೆ?”

“ಪಾಪ, ಏನೂ ಅನ್ನಲಿಲ್ಲ. ಬೆನ್ನು ತಟ್ಟಿ ಕಳಿಸಿದ.”